ಕಟ್ಟುವ ಮುನ್ನವೇ ಕಟ್ಟಡದೊಳಗೆ ಸಂಚಾರ

ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಡಿಜಿಟಲ್ ಹಂಪಿ’ ಯೋಜನೆಯಡಿ ವಿಠ್ಠಲ ದೇವಾಲಯದ ಮೂರು ಆಯಾಮದ ಗಣಕ ಮಾದರಿಗಳು ಸಿದ್ಧಗೊಂಡವು. ಒಂದರ ಅಂಚು ಮತ್ತೊಂದರಲ್ಲಿಯೂ ಬರುವಂತೆ ತೆಗೆದ ಛಾಯಾಚಿತ್ರಗಳನ್ನು ಗಣಕಯಂತ್ರದಲ್ಲಿ ಜೋಡಿಸಿ ಇಂತಹ ಮಾದರಿ ರಚಿಸಬಹುದು. ಅದನ್ನು ಅಂತರಜಾಲಕ್ಕೆ ಏರಿಸಿದರೆ, 1112ರಲ್ಲಿ ನಿರ್ಮಾಣವಾದ ಇಟಗಿಯ ಮಹಾದೇವ ದೇವಾಲಯದಂತಹ ಕಟ್ಟಡದೊಳಗೆ ದೂರದ ಊರಿನವರೂ ಸಂಚರಿಸಬಹುದು. ಇದುವೇ ವರ್ಚುವಲ್ ರಿಯಾಲಿಟಿ.

ಇನ್ನೂ ಕಟ್ಟದಿರುವ ಕಟ್ಟಡಕ್ಕೆ ನಕ್ಷೆಯೇ ಆಧಾರ. ಗಂಗಾವತಿಯಲ್ಲಿ ಅಕ್ಕಿ ಗಿರಣಿಯನ್ನೋ ಕುಷ್ಟಗಿಯಲ್ಲಿ ಗೋದಾಮನ್ನೋ ಕಟ್ಟಿಸುವವರು, ಲಾರಿ ತಿರುಗಲು ಸ್ಥಳ ಸಾಲುವುದೇ, ಯಂತ್ರ ಬಾಗಿಲಲ್ಲಿ ಹಿಡಿಯುವುದೇ ಎಂಬುದನ್ನು ಮೊದಲೇ ಪರೀಕ್ಷಿಸಬಹುದು. ಪರದೆಯ ಮೇಲಿನ ಗೋಡೆಯನ್ನು ಸರಿಸುವುದು ಸುಲಭ. ಕಟ್ಟಿದ ಗೋಡೆಯನ್ನು ಒಡೆದರೆ ಖರ್ಚು ಇಮ್ಮಡಿ. ಆದರೆ ನಕ್ಷೆಯ ಅಳತೆ ತಪ್ಪಿದ್ದರೆ ಮಾದರಿಯೂ ತಪ್ಪುತ್ತದೆ. ಆದುದರಿಂದ ನಿವೇಶನದ ಅಳತೆಯನ್ನು ಮೊದಲು ಖಚಿತಪಡಿಸಿಕೊಳ್ಳುವುದು ಅಗತ್ಯ.