ನಾಲ್ಕು ಜನ, ಎಂಟು ಗಂಟೆ, ಒಂದು ಕ್ಯಾರಲ್

ಜಲತರಂಗದ ಕಲಾವಿದರು ಸಾಲು ಬಟ್ಟಲುಗಳನ್ನು ಮುಂದಿಟ್ಟುಕೊಂಡು ಒಬ್ಬರೇ ರಾಗ ನುಡಿಸುತ್ತಾರೆ. ಹ್ಯಾಂಡ್‌ಬೆಲ್ ಮೇಳದ್ದು ಇದಕ್ಕೆ ತದ್ವಿರುದ್ಧ ಲೆಕ್ಕ. ಹಾಡು ಒಂದು, ನುಡಿಸುವವರು ಹಲವರು. ಒಬ್ಬೊಬ್ಬರ ಪಾಲಿಗೆ ಬರುವುದು ಎರಡೇ ಸ್ವರ: ಎಡಗೈಯಲ್ಲೊಂದು ಗಂಟೆ, ಬಲಗೈಯಲ್ಲೊಂದು. ಮಿಕ್ಕ ಹೊತ್ತೆಲ್ಲ ತಾಳ ಎಣಿಸುತ್ತ ನಿಂತಿರಬೇಕು, ತನ್ನ ಸ್ವರ ಬಂದಾಗ ಕೂದಲೆಳೆಯಷ್ಟೂ ಹಿಂದುಮುಂದಾಗದೆ ಬಾರಿಸಬೇಕು.

ಗಂಟೆ ಕಂಚಿನದು, ಸುಮಾರು ನೂರಕ್ಕೆ 80 ಪಾಲು ತಾಮ್ರ, 20 ಪಾಲು ತವರ. ಅದರ ನಾಲಗೆ ಕಂಡ ಕಡೆ ಓಲಾಡುವುದಿಲ್ಲ. ಒಂದೇ ರೇಖೆಯಲ್ಲಿ ಹಿಂದೆ ಮುಂದೆ ಸರಿಯುತ್ತದೆ, ಬಡಿದೊಡನೆ ಸ್ಪ್ರಿಂಗ್ ಅದನ್ನು ಹಿಂದಕ್ಕೆಳೆಯುತ್ತದೆ. ಹೀಗಾಗಿ ಒಂದು ಬೀಸಿಗೆ ಒಂದೇ ನಾದ. ನಾದ ಸಾಕೆನಿಸಿದಾಗ ಗಂಟೆಯನ್ನು ಭುಜಕ್ಕೆ ಒತ್ತಿ ಹಿಡಿಯುತ್ತಾರೆ. ಬೆವರಿಗೆ ಕಂಚು ಮಂಕಾಗದಿರಲೆಂದು ಕೈಗೆ ಗವಸು, ಮುಂದಿನ ಮೇಜಿನ ಮೇಲೆ ದಪ್ಪನೆಯ ಫೋಮ್ ಹಾಸು.

ಈ ಕಲೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿನ ಚರ್ಚ್ ಗೋಪುರಗಳಲ್ಲಿ ದೊಡ್ಡ ಗಂಟೆಗಳನ್ನು ಕ್ರಮ ಬದಲಿಸುತ್ತ ಬಾರಿಸುವ ಗಣಿತದಂಥ ಆಟವೊಂದಿದೆ. ಏಳು ಗಂಟೆಗಳಿದ್ದರೆ 5040 ಬಗೆಯ ಕ್ರಮಗಳು. ಅಷ್ಟನ್ನೂ ಮುಗಿಸಲು ಮೂರು ಗಂಟೆ ಹೊತ್ತಾದರೂ ಬೇಕು. ಚಳಿಯಲ್ಲಿ ಗೋಪುರ ಹತ್ತಿ, ಊರಿನವರ ನಿದ್ದೆ ಕೆಡಿಸಿ ಇದನ್ನು ಕಲಿಯುವುದಕ್ಕಿಂತ ಬೆಚ್ಚಗೆ ಒಳಗೆ ಕೂತು ಕೈಗಂಟೆಯಲ್ಲಿ ಅಭ್ಯಾಸ ಮಾಡುವುದು ವಾಸಿ ಎನ್ನಿಸಿದ್ದು ಸಹಜ. 17ನೇ ಶತಮಾನದ ಕೊನೆಯ ಹೊತ್ತಿಗೆ ವಿಲ್ಟ್‌ಷೈರ್‌ನ ಆಲ್ಡ್‌ಬೋರ್ನ್ ಎಂಬ ಹಳ್ಳಿಯ ಕಾರ್ ಸಹೋದರರು ಶ್ರುತಿಗೊಳಿಸಿದ ಕೈಗಂಟೆಗಳನ್ನು ಎರಕ ಹೊಯ್ಯುತ್ತಿದ್ದರು. ಮುಂದೆ ಅದೇ ಗಂಟೆಗಳಲ್ಲಿ ಹಾಡು ನುಡಿಸುವ ರೂಢಿ ಬಂತು. 1902ರಲ್ಲಿ ಬಾಸ್ಟನ್ನಿನ ಮಾರ್ಗರೆಟ್ ಶರ್‌ಕ್ಲಿಫ್ ಲಂಡನ್ನಿನಿಂದ ಒಂದು ಸೆಟ್ ಅಮೆರಿಕಕ್ಕೆ ಒಯ್ದರು. ಬಾಸ್ಟನ್ನಿನ ಬೀಕನ್ ಹಿಲ್ ಬೀದಿಗಳಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಕ್ಯಾರಲ್ ಎಂಬ ಹಬ್ಬದ ಹಾಡುಗಳ ಜೊತೆ ಗಂಟೆಗಳೂ ಕೇಳತೊಡಗಿದವು. ಇಂದು ಈ ಕಲೆಯ ದೊಡ್ಡ ನೆಲೆ ಅಮೆರಿಕದ ಚರ್ಚುಗಳೇ. ಹೆಸರಾಂತ ತಯಾರಕರಾದ ಷುಲ್‌ಮೆರಿಕ್, ಮಾಲ್‌ಮಾರ್ಕ್ ಎರಡೂ ಪೆನ್ಸಿಲ್ವೇನಿಯಾದವು.

ಮೂರು ಸ್ಥಾಯಿಗಳ ಪೂರ್ತಿ ಸೆಟ್ಟಿನಲ್ಲಿ 37 ಗಂಟೆಗಳಿರುತ್ತವೆ, ನಡುವಿನ ಅರೆಸ್ವರಗಳ ಗಂಟೆಗಳನ್ನು ಪಕ್ಕದ ಸ್ವರದವರೇ ಬದಲಿಸಿ ಹಿಡಿದರೂ ಹನ್ನೊಂದು ಜನರಾದರೂ ಬೇಕು. ಅಭ್ಯಾಸಕ್ಕೆ ಒಬ್ಬರು ತಪ್ಪಿಸಿಕೊಂಡರೂ ಹಾಡಿನಲ್ಲಿ ಎರಡು ಸ್ವರ ಮಾಯ. ಸಣ್ಣ ಚರ್ಚುಗಳಿಗೆ ಅಷ್ಟು ಜನವನ್ನು ಎಲ್ಲಿಂದ ತರುವುದು? ಎಂಟು ಗಂಟೆಗೆ ನಾಲ್ವರು, ಹನ್ನೆರಡು ಗಂಟೆಗೆ ಆರು ಜನ ಎಂಬ ಲೆಕ್ಕದಲ್ಲಿ ಹಾಡನ್ನು ಹಂಚಿ ಬರೆದ ಅರೇಂಜ್‌ಮೆಂಟುಗಳು ಹುಟ್ಟಿದ್ದು ಈ ಕೊರತೆಯಿಂದಲೇ. ಅವುಗಳಲ್ಲಿ ಕ್ರಿಸ್‌ಮಸ್ ಹಾಡುಗಳು ಯಾವಾಗಲೂ ಮುಂದು. ಎಲ್ಲರಿಗೂ ಗೊತ್ತಿರುವ ರಾಗ. ಹೆಚ್ಚಿನವು ಹಳೆಯವಾದ್ದರಿಂದ ಹಕ್ಕುಸ್ವಾಮ್ಯದ ಕಾಟವೂ ಕಡಿಮೆ.

ಸಿನಿಮಾ ಅರೇಂಜರ್ ಯೋಚಿಸುವುದು ಕಿವಿಯಿಂದ. ಹ್ಯಾಂಡ್‌ಬೆಲ್ ಅರೇಂಜರ್‌ಗೆ ಕಿವಿಯಷ್ಟೇ ಸಾಲದು, ಕೈಗಳನ್ನೂ ಎಣಿಸಬೇಕು. 'ಜಾಯ್ ಟು ದ ವರ್ಲ್ಡ್' ತೆಗೆದುಕೊಳ್ಳಿ. ಇದರ ರಾಗ ಪೂರ್ತಿ ಒಂದೇ ಸ್ಥಾಯಿಯೊಳಗಿದೆ, ಎಂಟು ಗಂಟೆಗೆ ಅಳತೆ ಮಾಡಿ ಹೊಲಿದ ಹಾಗೆ. ಮೊದಲ ಸಾಲು ನಮ್ಮ ಶಂಕರಾಭರಣದ ಅವರೋಹಣವೇ: ಸ ನಿ ದ ಪ ಮ ಗ ರಿ ಸ. ಮಂದ್ರದವರು ತಮ್ಮ ಎಡಬದಿಗೆ, ತಾರದವರು ಬಲಬದಿಗೆ ನಿಂತಿರುತ್ತಾರೆ; ನಾಲ್ವರೂ ಸರದಿಯಂತೆ ಬಲಗೈ, ಎಡಗೈ ಬೀಸಿದರೆ ಸಭಿಕರಿಗೆ ಹಾಡು ಎಡದಿಂದ ಬಲಕ್ಕೆ ಸಾಗುವುದು ಕಣ್ಣಿಗೇ ಕಾಣುತ್ತದೆ. ಆದರೆ ಹಿಂದಿನ ಗಂಟೆ ನಿಲ್ಲದೆ ಮುಂದಿನದು ಮೊಳಗಿದರೆ ಎಂಟೂ ಸ್ವರ ಕಲಸಿ ಗದ್ದಲ. ಹೊಸಬರಿಗೆ ಬಾರಿಸುವುದು ಒಂದು ಸಂಜೆಯಲ್ಲಿ ಬರುತ್ತದೆ, ನಿಲ್ಲಿಸುವುದು ಬರಲು ತಿಂಗಳುಗಳೇ ಬೇಕು. ಹಾಡಿನ ಕೊನೆಯ ಭಾಗದಲ್ಲಿ ಇನ್ನೊಂದು ಫಜೀತಿ: ಮೊದಲು ಗಾಂಧಾರ, ಆಮೇಲೆ ರಿಷಭ, ಒಂದೇ ಗಂಟೆ ಮೇಲಿಂದ ಮೇಲೆ ಬರುತ್ತದೆ. ಒಬ್ಬರ ಮಣಿಕಟ್ಟು ಸೋಲುವಾಗ ಮಿಕ್ಕವರು ಸುಮ್ಮನೆ ನಿಂತಿರುತ್ತಾರೆ. ಒಳ್ಳೆಯ ಅರೇಂಜರ್ ಅಲ್ಲಿ ಕೆಲವು ಪೆಟ್ಟುಗಳನ್ನು ಕೈಬಿಟ್ಟು ಪಕ್ಕದ ಗಂಟೆಗೆ ಜೊತೆ ಸ್ವರ ಕೊಡುತ್ತಾರೆ.

'ಸೈಲೆಂಟ್ ನೈಟ್' ಎಂಟು ಗಂಟೆಗೆ ಒಗ್ಗುವುದಿಲ್ಲ. 1818ರಲ್ಲಿ ಆಸ್ಟ್ರಿಯಾದ ಓಬೆರ್ನ್‌ಡಾರ್ಫ್‌ನಲ್ಲಿ ಮೊದಲು ಕೇಳಿಸಿದ ಫ್ರಾನ್ಸ್ ಗ್ರೂಬರ್‌ನ ಈ ರಾಗ ಕೆಳಗಿನ ಷಡ್ಜದಿಂದ ಮೇಲಿನ ಮಧ್ಯಮದವರೆಗೆ ಹನ್ನೊಂದು ಸ್ವರಗಳನ್ನು ಬೇಡುತ್ತದೆ. ಎತ್ತರದ ಸ್ವರಗಳನ್ನು ಕೆಳಸ್ಥಾಯಿಗೆ ಮಡಚಿ ಎಂಟರಲ್ಲೇ ತೂರಿಸುವವರಿದ್ದಾರೆ. ಹಾಡಿನ ಶಿಖರವೇ ಮೊಂಡಾಗುತ್ತದೆ. ಹನ್ನೆರಡು ಗಂಟೆ ಸಿಗದಿದ್ದರೆ ಈ ಹಾಡನ್ನು ಬಿಡುವುದೇ ಲೇಸು.

ಸಣ್ಣ ಮೇಳಕ್ಕೆ ಹೇಳಿ ಮಾಡಿಸಿದ್ದೆಂದರೆ 'ಕ್ಯಾರಲ್ ಆಫ್ ದ ಬೆಲ್ಸ್'. ಅದರ ಬೀಜ ನಾಲ್ಕು ಪೆಟ್ಟು, ಮೂರೇ ಸ್ವರ: ಗಾ ರಿಗ ಸಾ. ಒಬ್ಬರ ಕೈಯಲ್ಲಿ ಸ ಮತ್ತು ರಿ, ಇನ್ನೊಬ್ಬರ ಕೈಯಲ್ಲಿ ಸಾಧಾರಣ ಗಾಂಧಾರ. ಇಬ್ಬರು ಇದನ್ನು ಬಿಡದೆ ನುಡಿಸುತ್ತಿದ್ದರೆ ಉಳಿದವರು ಅದರಡಿ ನಿಧಾನವಾಗಿ ಸ ನಿ ದ ಪ ಇಳಿಯುತ್ತಾರೆ. ತಮಾಷೆಯೆಂದರೆ ಮೂಲ ಹಾಡಿನಲ್ಲಿ ಗಂಟೆಯೂ ಇಲ್ಲ, ಕ್ರಿಸ್‌ಮಸ್ಸೂ ಇಲ್ಲ. ಅದು ಉಕ್ರೇನಿನ ಮಿಕೊಲಾ ಲೆಯೊಂಟೊವಿಚ್ ಜಾನಪದ ರಾಗದಿಂದ ಕಟ್ಟಿದ 'ಶ್ಚೆದ್ರಿಕ್'. ಅಂಬರಗುಬ್ಬಿಯೊಂದು ಮನೆ ಯಜಮಾನನಿಗೆ ವರ್ಷದ ಸಮೃದ್ಧಿಯ ಸುದ್ದಿ ತರುವ ಹೊಸವರ್ಷದ ಹಾಡು. ಹಳೆಯ ಪಂಚಾಂಗದಂತೆ ಅದನ್ನು ಹಾಡುತ್ತಿದ್ದುದು ಜನವರಿ 13ರ ಸಂಜೆ, ಹೆಚ್ಚುಕಡಿಮೆ ನಮ್ಮ ಸಂಕ್ರಾಂತಿಯ ಹೊತ್ತಿಗೆ. ಗಂಟೆಗಳು ಬಂದದ್ದು 1936ರಲ್ಲಿ ಪೀಟರ್ ವಿಲ್‌ಹೌಸ್ಕಿ ಬರೆದ ಇಂಗ್ಲಿಷ್ ಸಾಹಿತ್ಯದಿಂದ.

ತಡೆಯದೆ ಬಿಟ್ಟರೂ ಗಂಟೆಯ ನಾದ ಕ್ರಮೇಣ ಕರಗುತ್ತದೆ. ದೀರ್ಘ ಸ್ವರ ಬೇಕಾದಲ್ಲಿ ಗಂಟೆಯನ್ನು ನಡುಗಿಸುತ್ತಾರೆ. ಮೊಟಕು ಸದ್ದಿಗೆ ಹೆಬ್ಬೆರಳನ್ನು ಕಂಚಿಗೆ ಒತ್ತುತ್ತಾರೆ, ಇಲ್ಲವೇ ಗಂಟೆಯನ್ನು ಫೋಮ್ ಮೇಲೆ ಕುಕ್ಕುತ್ತಾರೆ. ಒಂದೊಂದು ಕೈಯಲ್ಲಿ ಎರಡೆರಡು ಗಂಟೆ ಹಿಡಿಯುವ ಪಟ್ಟೂ ಇದೆ. ಇದು ಅತಿಯಾದಾಗ ಜನ ಹಾಡನ್ನು ಬಿಟ್ಟು ಕೈಚಳಕ ನೋಡುತ್ತ ಕೂರುತ್ತಾರೆ. ನನ್ನ ಮಟ್ಟಿಗೆ ಅದು ಸರ್ಕಸ್.

ನಮ್ಮೂರಿನ ಚರ್ಚುಗಳ ಗಾಯನವೃಂದಗಳಲ್ಲಿ ಯಾರಾದರೂ ಇದಕ್ಕೆ ಕೈಹಾಕುವುದಾದರೆ ದೊಡ್ಡ ಸೆಟ್ಟಿನ ಕನಸು ಬೇಡ, ಅದು ದುಬಾರಿ. ಎಂಟು ಗಂಟೆ ಸಾಕು. ಅರೇಂಜ್‌ಮೆಂಟ್ ಕೊಳ್ಳುವಾಗ ಮೊದಲ ಪುಟದಲ್ಲಿ ಬೇಕಾಗುವ ಗಂಟೆಗಳ ಪಟ್ಟಿ ಇರುತ್ತದೆ. ಅಮೆರಿಕದ ಹಾಳೆಗಳಲ್ಲಾದರೆ 1ರಿಂದ 6ರವರೆಗಿನ ಕಷ್ಟದ ಮಟ್ಟವನ್ನೂ ಹಲವೊಮ್ಮೆ ಮುದ್ರಿಸಿರುತ್ತಾರೆ. ಎರಡನ್ನೂ ನೋಡಿ, 1ರಿಂದಲೇ ಶುರುಮಾಡಿ. ಡಿಸೆಂಬರ್‌ಗೆ ನುಡಿಸಬೇಕಿದ್ದರೆ ಸೆಪ್ಟೆಂಬರ್‌ನಲ್ಲೇ ಅಭ್ಯಾಸಕ್ಕೆ ಕೂಡಿ.