ಗಾಲಿಮನೆಯ ತುಕ್ಕು

ಹಿತ್ತಾಳೆ ತಾಮ್ರಗಳಿಗೆ ಹಿಡಿಯುವುದು ಕಿಲುಬು. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಎರಡನ್ನೂ ನಮ್ಮ ಜನ ಒಂದೇ ಮಾತಿನಲ್ಲಿ ಹೇಳಿ ಮುಗಿಸಲಿಲ್ಲ. ಕಿಲುಬು ಹುಣಿಸೆಹಣ್ಣಿಗೆ ಹೆದರುತ್ತದೆ. ತಿಕ್ಕಿದರೆ ಪಾತ್ರೆ ಮತ್ತೆ ಬೆಳಗುತ್ತದೆ. ತುಕ್ಕು ಹಾಗಲ್ಲ. ಅದು ಲೋಹವನ್ನು ತಿಂದೇ ಬೆಳೆಯುವಂಥದು. ಉಜ್ಜಿದಷ್ಟೂ ವಸ್ತುವೇ ಸವೆಯುತ್ತದೆ. ಆದ್ದರಿಂದಲೇ ತುಕ್ಕು ಎಂದೊಡನೆ ನಮಗೆ ಹಳೆಯದರ ನೆನಪು ಬರುತ್ತದೆ: ಅಟ್ಟದ ಮೇಲಿನ ಟ್ರಂಕು, ಪಾಳುಮನೆಯ ಚಿಲಕ, ಬಾವಿಯ ರಾಟೆಯ ಸರಳು. ಬೆಲೆಯ ಚೀಟಿಯನ್ನು ಇನ್ನೂ ಕಿತ್ತಿರದ ಹೊಸ ವಸ್ತುವಿಗೂ ತುಕ್ಕಿಗೂ ನಂಟು ಕಲ್ಪಿಸುವುದು ನಮ್ಮ ಬುದ್ಧಿಗೆ ಸುಲಭವಲ್ಲ. ಆ ನಂಟನ್ನು ನಾನು ಕಂಡದ್ದು ಅಮೆರಿಕದಲ್ಲಿ, ಅಲ್ಲಿಯವರು ಟ್ರಾವೆಲ್ ಟ್ರೇಲರ್ ಎಂದು ಕರೆಯುವ ಗಾಲಿಮನೆಯಲ್ಲಿ.

ಗಾಲಿಮನೆ ಎಂಬುದು ಅನುಕೂಲಕ್ಕಾಗಿ ನಾನು ಮಾಡಿಕೊಂಡ ಹೆಸರು. ತನ್ನದೆಂಬ ಎಂಜಿನ್ ಇಲ್ಲದ, ದೊಡ್ಡ ಕಾರಿಗೋ ಪಿಕಪ್ ಟ್ರಕ್ಕಿಗೋ ಕೊಂಡಿ ಹಾಕಿ ಎಳೆದೊಯ್ಯಬೇಕಾದ ಮನೆ ಅದು. ಇಪ್ಪತ್ತೈದು ಮೂವತ್ತು ಅಡಿಯ ಉದ್ದದೊಳಗೆ ಮಂಚ, ಒಲೆ, ಫ್ರಿಜ್ಜು, ಊಟದ ಮೇಜು, ಸ್ನಾನದ ಮನೆ ಎಲ್ಲವೂ ಉಂಟು. ಗೃಹಸ್ಥಾಶ್ರಮ ವಾನಪ್ರಸ್ಥಗಳೆರಡನ್ನೂ ಒಂದೇ ಅಚ್ಚಿನ ಮೇಲೆ ಕೂರಿಸಿದಂತೆ. ಅಮೆರಿಕದವರಿಗೆ ಈ ವ್ಯಾಮೋಹ ಇಂದಿನದಲ್ಲ. 1919ರಲ್ಲಿಯೇ ಫ್ಲಾರಿಡಾದ ಟ್ಯಾಂಪಾದಲ್ಲಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಪ್ರವಾಸಿಗಳ ಸಂಘ ಹುಟ್ಟಿತು. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಟ್ರಕ್ಕೊಂದರ ಬೆನ್ನಿಗೆ ಪುಟ್ಟ ಕೋಣೆಯನ್ನು ಹೊರಿಸಿ, ಅದಕ್ಕೆ ಡಾನ್ ಕ್ವಿಕ್ಸೋಟನ ಕುದುರೆಯ ಹೆಸರಿಟ್ಟು, ನಾಯಿಯೊಡನೆ ದೇಶ ಸುತ್ತಿ ಬಂದ. 1962ರಲ್ಲಿ ಪ್ರಕಟವಾದ ‘ಟ್ರಾವೆಲ್ಸ್ ವಿತ್ ಚಾರ್ಲಿ’ ಆ ಸುತ್ತಾಟದ ಫಲ. ಅವನದು ಎಳೆಯುವ ಮನೆಯಲ್ಲ, ಹೊರುವ ಮನೆ. ಆದರೂ ಹಂಬಲ ಒಂದೇ.

ಒಹಾಯೊದಲ್ಲಿ ನೆಲೆಸಿರುವ ನನ್ನ ತಮ್ಮನಿಗೂ ಆ ಹಂಬಲ ಹತ್ತಿತು. 2022ರ ಏಪ್ರಿಲ್‌ನಲ್ಲಿ ಅವನು ಹೊಚ್ಚಹೊಸ ಗಾಲಿಮನೆಯೊಂದನ್ನು ಕೊಂಡ. ಮಾಡಿದವರ ಹೆಸರು ಇಲ್ಲಿ ಬೇಕಿಲ್ಲ. ಬ್ಯಾಂಕಿನ ಸಾಲ ಹದಿನೈದು ವರ್ಷದ್ದು. ತಯಾರಕರ ವಾರಂಟಿ ಒಂದು ವರ್ಷದ್ದು. ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ವ್ಯವಧಾನ ಕೊಳ್ಳುವ ದಿನ ಯಾರಿಗೂ ಇರುವುದಿಲ್ಲ.

ನಾನು ಅದನ್ನು ಕಂಡದ್ದು 2023ರ ಜೂನ್‌ನಲ್ಲಿ. ದೂರದಿಂದ ಬೆಳ್ಳಗೆ, ಅಚ್ಚುಕಟ್ಟಾಗಿ ಕಾಣುತ್ತಿತ್ತು. ಹತ್ತಿರ ಹೋದರೆ ನಾಲ್ಕು ಮೂಲೆಗಳಿಂದಲೂ ಕಂದುಬಣ್ಣದ ಗೆರೆಗಳು ಗೋಡೆಯ ಮೇಲೆ ಇಳಿದಿದ್ದುವು, ತಾಂಬೂಲ ಜಗಿಯುವವನ ಕಟವಾಯಿಯಿಂದ ರಸ ಇಳಿದಂತೆ. ಗೋಡೆ ಛಾವಣಿಗಳು ಕೂಡುವ ಅಂಚಿನಲ್ಲಿ ಅಲ್ಯುಮಿನಿಯಂ ಪಟ್ಟಿಯೊಂದು ಓಡುತ್ತದೆ. ಅದರ ನಡುವಣ ಕಾಲುವೆಯಲ್ಲಿ ತಿರುಪುಮೊಳೆಗಳ ಸಾಲು. ಮೊಳೆಯ ತಲೆಗಳು ಕಾಣದಂತೆ ಮೇಲೊಂದು ಪ್ಲಾಸ್ಟಿಕ್ ನವಾರು. ತಮ್ಮ ಏಣಿ ಹತ್ತಿ ಆ ನವಾರನ್ನು ಉಗುರಿನಿಂದ ಎತ್ತಿ ತೋರಿಸಿದ. ಒಂದೊಂದು ತಲೆಗೂ ಕೆಮ್ಮಣ್ಣು ಬಳಿದಂತಿತ್ತು. “ಅಣ್ಣಾ, ತಂದ ದಿನವೇ ಮೂರು ನಾಲ್ಕು ಕೆಂಪಗಿದ್ದುವು. ಮಾರಿದವನನ್ನು ಕೇಳಿದರೆ, ಅಂಗಳದಲ್ಲಿ ಮಳೆಗೆ ನಿಂತಿತ್ತು, ಒರೆಸಿದರೆ ಹೋಗುತ್ತದೆ ಎಂದ” ಎಂದನು. ಬಾಗಿಲ ಕೆಳಗಿನ ಮಡಚುವ ಮೆಟ್ಟಿಲು, ಗಾಲಿಯ ಮೇಲಣ ಕಮಾನುಪಟ್ಟಿಗಳ ಕೊಂಡಿ, ಸ್ನಾನದ ಮನೆಯ ಕಪಾಟಿನ ಕೀಲು ಎಲ್ಲಕ್ಕೂ ಅದೇ ಬಣ್ಣ ಹತ್ತಿತ್ತು. ‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಸಲ ವಿಸ್ತರಿಸಿ ಬರೆಸಿದ್ದೇನೆ. ಅದಕ್ಕೆ ಇಷ್ಟು ಅಚ್ಚುಕಟ್ಟಾದ ಉದಾಹರಣೆಯನ್ನು ಕಂಡಿರಲಿಲ್ಲ.

ಇದರ ಮರ್ಮ ದೊಡ್ಡದೇನಲ್ಲ. ಕಬ್ಬಿಣವನ್ನು ಕಾಯಲು ಅದರ ಮೈಗೆ ಸತುವನ್ನು ಹೊದಿಸುವ ಪದ್ಧತಿ ಹಳೆಯದು; ಕರಗಿದ ಸತುವಿನಲ್ಲಿ ಕಬ್ಬಿಣವನ್ನು ಅದ್ದಿ ತೆಗೆಯುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ 1837ರಲ್ಲಿಯೇ ಪೇಟೆಂಟು ಪಡೆದಿದ್ದ. ಗಾಳಿ ನೀರುಗಳು ಮೊದಲು ಸತುವನ್ನು ತಿನ್ನುತ್ತವೆ, ಅದು ಮುಗಿಯುವ ತನಕ ಕಬ್ಬಿಣಕ್ಕೆ ಅಭಯ. ಹಾಗಾಗಿ ಹೊದಿಕೆ ಎಷ್ಟು ದಪ್ಪವೋ ಆಯುಸ್ಸು ಅಷ್ಟು. ಅದ್ದಿ ತೆಗೆದ ಹೊದಿಕೆ ಐವತ್ತು ಮೈಕ್ರಾನ್, ಅದಕ್ಕೂ ಮಿಕ್ಕು, ಅಂದರೆ ಹೆಚ್ಚು ಕಡಮೆ ಒಂದು ಕೂದಲೆಳೆಯಷ್ಟು ಇರುತ್ತದೆ. ವಿದ್ಯುತ್ತಿನಿಂದ ಲೇಪಿಸಿದ ಅಗ್ಗದ ಮೊಳೆಯ ಮೇಲಿನದು ಐದರಿಂದ ಹತ್ತು ಮೈಕ್ರಾನ್. ಅಂಗಡಿಯ ಡಬ್ಬಿಯಲ್ಲಿ ಎರಡೂ ಹೊಳೆಯುತ್ತವೆ. ಅಗ್ಗದ್ದೇ ಒಂದು ಕೈ ಹೆಚ್ಚಾಗಿ ಹೊಳೆಯುತ್ತದೆ. ತಿರುಪುವಾಗ ಯಂತ್ರದ ತುದಿ ತಲೆಯ ಮೇಲೆ ಗೀರಿದರೆ ಆ ಅಷ್ಟೂ ಹೊದಿಕೆ ಅಲ್ಲೇ ಹೋಯಿತು. ಸ್ಟೇನ್‌ಲೆಸ್ ಸ್ಟೀಲಿನ ಮೊಳೆಗೆ ಒಂದಕ್ಕೆ ಕೆಲವೇ ಸೆಂಟು ಹೆಚ್ಚು ಬೀಳುತ್ತದೆ. ಒಂದು ಮನೆಗೆ ಸಾವಿರಗಟ್ಟಲೆ ಮೊಳೆ, ವರ್ಷಕ್ಕೆ ಸಾವಿರಗಟ್ಟಲೆ ಮನೆ ಎಂದು ಗುಣಿಸಿದಾಗ ಆ ಸೆಂಟುಗಳು ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿ ದೊಡ್ಡ ಸಾಲಾಗುತ್ತವೆ.

ಹವೆಯ ಪಾಲನ್ನೂ ಹೇಳದಿದ್ದರೆ ಅನ್ಯಾಯವಾದೀತು. ಉತ್ತರದ ಆ ರಾಜ್ಯಗಳಲ್ಲಿ ಚಳಿಗಾಲದ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ದೇಶದಲ್ಲಿ ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪು ಹೀಗೆ ದಾರಿಗೆ ಬೀಳುತ್ತದೆ. ಕಾರ್ಖಾನೆಯಿಂದ ಹೊರಟ ಗಾಲಿಮನೆಯನ್ನು ಕೂಲಿ ಚಾಲಕನೊಬ್ಬ ಆ ಉಪ್ಪುನೀರಿನ ಮೇಲೆಯೇ ನೂರಾರು ಮೈಲಿ ಎಳೆದುಕೊಂಡು ಹೋಗುತ್ತಾನೆ. ಆಮೇಲೆ ಮಾರಾಟಗಾರನ ಬಯಲಿನಲ್ಲಿ ತಿಂಗಳುಗಟ್ಟಲೆ ನಿಲ್ಲುವುದು. ಕೊಂಡವನ ಪಾಲಿಗೆ ಅದು ಹೊಸತು. ಕಬ್ಬಿಣದ ಪಾಲಿಗೆ ಆಗಲೇ ಒಂದು ಚಳಿಗಾಲದ ವನವಾಸ ಮುಗಿದಿರುತ್ತದೆ. ಆದರೆ ಆ ಚಳಿ, ಆ ಉಪ್ಪು ಕಾರ್ಖಾನೆಯವರಿಗೆ ಗೊತ್ತಿಲ್ಲದ ಸಂಗತಿಗಳಲ್ಲವಷ್ಟೆ. ಅವರ ಬಾಗಿಲ ಮುಂದಿನ ರಸ್ತೆಯೂ ಅದೇ.

ಬರಿಯ ಬಣ್ಣ ಕೆಟ್ಟಿತೆಂದಾದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಕೆಂಪಾದ ಮೊಳೆ ಒಳಗಿನ ಸುದ್ದಿಯನ್ನು ಹೊರಗೆ ತರುವ ದೂತ. ಬಿಸಿಲಿಗೆ ನವಾರು ಕುಗ್ಗಿ, ಮೊಳೆಯ ಸುತ್ತಣ ಅಂಟು ಬಿರಿದು, ನೀರು ಒಳಹೊಕ್ಕಿದೆ ಎಂದೇ ಅದರ ಅರ್ಥ. ಒಳಗಿರುವುದಾದರೂ ಏನು? ಬಹಳ ಗಾಲಿಮನೆಗಳ ಗೋಡೆಯಲ್ಲಿ ತೆಳ್ಳನೆಯ ಮರದ ರೀಪುಗಳು, ಅವಕ್ಕೆ ಅಂಟಿಸಿದ, ಕಾಗದದಷ್ಟೇ ಗಟ್ಟಿ ಎನ್ನಬಹುದಾದ ಪ್ಲೈವುಡ್ ಹಾಳೆ. ಅದು ನೀರು ಕುಡಿದರೆ ಉಬ್ಬುತ್ತದೆ, ಪದರ ಪದರವಾಗಿ ಬಿಡುತ್ತದೆ, ಕೊಳೆಯುತ್ತದೆ. ಮೊಳೆಗೆ ಕಚ್ಚಿಕೊಳ್ಳಲು ಮರವೇ ಉಳಿಯುವುದಿಲ್ಲ.

ಹೀಗೇಕಾಯಿತು ಎಂಬ ಪ್ರಶ್ನೆಗೆ ಉತ್ತರ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪ್ರಾಂತದಲ್ಲಿದೆ. ದೇಶದಲ್ಲಿ ತಯಾರಾಗುವ ಇಂಥ ವಾಹನಗಳಲ್ಲಿ ಹತ್ತಕ್ಕೆ ಹೆಚ್ಚು ಕಡಮೆ ಎಂಟು ಆ ರಾಜ್ಯದಲ್ಲಿ, ಅದರಲ್ಲೂ ಬಹುಪಾಲು ಆ ಊರಿನ ಸುತ್ತಮುತ್ತ, ಹುಟ್ಟುತ್ತವೆ. ತಮ್ಮನೊಡನೆ ಆ ದಾರಿಯಲ್ಲಿ ಹೋದಾಗ ನಾನು ಕಂಡ ನೋಟ ಮರೆಯುವಂಥದಲ್ಲ. ರಸ್ತೆಯ ಎರಡು ಕಡೆಯೂ ಕಣ್ಣು ಹಾಯುವವರೆಗೆ ಬಿಳಿಯ ಗಾಲಿಮನೆಗಳ ಸಾಲು; ರಸ್ತೆಯ ಅಂಚಿನಲ್ಲಿ ಟಕಟಕನೆ ಸಾಗುವ ಕರಿಯ ಕುದುರೆಗಾಡಿ; ಗಾಡಿಯಲ್ಲಿ ಗಡ್ಡದ ಗೃಹಸ್ಥ. ಇವರು ಆಮಿಶ್ ಜನ. (ಹೆಸರು ಕನ್ನಡದ ಕಿವಿಗೆ ಬೇರೇನನ್ನೋ ಹೇಳುತ್ತದೆ, ಲೋಕದ ಆಮಿಷಗಳಿಂದ ದೂರವಿರುವುದೇ ಇವರ ವ್ರತ.) 1840ರ ದಶಕದಿಂದ ಅಲ್ಲಿ ಬೇಸಾಯ ಮಾಡಿಕೊಂಡು ಬಂದ ಈ ಕ್ರೈಸ್ತ ಪಂಗಡದವರು ಸ್ವಂತ ಮೋಟಾರನ್ನು ಇಟ್ಟುಕೊಳ್ಳುವುದಿಲ್ಲ. ಹೊಲ ಸಾಲದಾದಾಗ ಇವರ ಗಂಡಸರು ದೊಡ್ಡ ಸಂಖ್ಯೆಯಲ್ಲಿ ಗಾಲಿಮನೆಯ ಕಾರ್ಖಾನೆಗಳಿಗೆ ಸೇರಿದರು. ತಾವು ಕಟ್ಟಿದ ಮನೆಯನ್ನು ತಾವು ಎಳೆದೊಯ್ಯುವಂತಿಲ್ಲ. ಎಳೆಯುವ ಬಂಡಿಯೇ ಅವರಿಗೆ ನಿಷಿದ್ಧ.

ಆದರೆ ಕೈಯ ಕಸುಬಿನಲ್ಲಿ ಇವರನ್ನು ಮೀರಿಸುವವರು ವಿರಳ. ಹತ್ತಿರದ ಶಿಪ್‌ಶೆವಾನಾ ಎಂಬ ಊರಿನಲ್ಲಿ ಆಮಿಶ್ ಬಡಗಿಗಳ ಕುರ್ಚಿ ಮೇಜುಗಳನ್ನು ಮಾರುವ ಅಂಗಡಿಗೆ ಹೋಗಿದ್ದೆವು. ಓಕ್ ಮರದ ಮೇಜಿನ ಡ್ರಾಯರೊಂದನ್ನು ಎಳೆದು ನೋಡಿದೆ. ಮೂಲೆಗಳಲ್ಲಿ ಒಂದು ಮೊಳೆಯಿಲ್ಲ. ಹಲ್ಲಿಗೆ ಹಲ್ಲು ಕೂಡಿ ಕುಳಿತಿತ್ತು. ಮುಚ್ಚಿದಾಗ ಒಳಗಿನ ಗಾಳಿ ನಿಟ್ಟುಸಿರಿನಂತೆ ಮೆಲ್ಲನೆ ಹೊರಬಂತು. ಇದನ್ನು ಮಾಡಿದವನ ನೆರೆಯವನೋ ಅಣ್ಣತಮ್ಮನೋ ನನ್ನ ತಮ್ಮನ ಕಪಾಟಿಗೆ ಕೀಲು ಕೂಡಿಸಿದವನೂ ಇರಬಹುದು. ಅಂದಮೇಲೆ ದೋಷ ಕೈಯಲ್ಲಿಲ್ಲ.

ದೋಷವಿರುವುದು ಹೊತ್ತಿನಲ್ಲಿ. ಆ ಕಾರ್ಖಾನೆಗಳಲ್ಲಿ ಹಲವೆಡೆ ಕೂಲಿ ಗಂಟೆಯ ಮೇಲಲ್ಲ, ದಿನಕ್ಕೆ ಇಷ್ಟು ಮನೆ ಎಂಬ ಎಣಿಕೆಯ ಮೇಲೆ. ಬೆಳಕು ಹರಿಯುವ ಮುನ್ನ ಕೆಲಸ ಮೊದಲಾಗುತ್ತದೆ. ಎಣಿಕೆ ಮುಗಿದರೆ ಮಧ್ಯಾಹ್ನವೇ ಮನೆಗೆ ಹೋಗಬಹುದು. ನಿಂತು ನೋಡುವವನು, ಓರೆಯಾಗಿ ಹೊಕ್ಕ ಮೊಳೆಯನ್ನು ಬಿಚ್ಚಿ ಮತ್ತೆ ತಿರುಪುವವನು, ತನ್ನ ಕೂಲಿಯನ್ನಷ್ಟೇ ಅಲ್ಲ, ಜೊತೆಯವರ ಕೂಲಿಯನ್ನೂ ತಡೆಯುತ್ತಾನೆ. ಹಾಗೆಂದು ಆ ಜನರನ್ನು ದೂರುವುದೂ ಸಲ್ಲದು. 2009ರಲ್ಲಿ ದೇಶದ ವ್ಯಾಪಾರ ಕುಸಿದಾಗ ವರ್ಷವಿಡೀ ಕಾರ್ಖಾನೆಗಳಿಂದ ಹೊರಟದ್ದು, ಎಂಜಿನ್ ಇರುವ ಬಗೆಯವೂ ಸೇರಿ, ಸುಮಾರು 1 ಲಕ್ಷ 65 ಸಾವಿರ ಮಾತ್ರ. ಎಲ್ಕ್‌ಹಾರ್ಟಿನಲ್ಲಿ ದುಡಿಯಬಲ್ಲ ಐವರಲ್ಲಿ ಹೆಚ್ಚು ಕಡಮೆ ಒಬ್ಬರಿಗೆ ಕೆಲಸವಿರಲಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಹೊಸ ಅಧ್ಯಕ್ಷ ಒಬಾಮ ಆ ಊರಿಗೇ ಹೋಗಿ ಜನರೊಡನೆ ಮಾತನಾಡಿದರು. ಅಂಥ ದಿನಗಳನ್ನು ಕಂಡವನು, ಕೆಲಸವಿರುವಾಗ ಕೈ ಬೇಗ ಆಡಿಸುತ್ತಾನೆ. ಬಳಿಕ ಕೊರೋನಾ ಬಂತು. ವಿಮಾನ ಹೋಟೆಲುಗಳಿಗೆ ಹೆದರಿದ ಜನ ಗಾಲಿಮನೆಗಳಿಗೆ ಮುಗಿಬಿದ್ದರು. 2021ರಲ್ಲಿ ಹೊರಟ ಸಂಖ್ಯೆ 6,00,240, ಹಿಂದೆಂದೂ ಅಷ್ಟಾಗಿರಲಿಲ್ಲ. ಹೊಸ ಕೈಗಳು, ಸಿಕ್ಕದ ಬಿಡಿಭಾಗಗಳು, ಸಿಕ್ಕಿದ್ದನ್ನೇ ಹಾಕು ಎಂಬ ಅವಸರ. 2023ರ ಹೊತ್ತಿಗೆ ಸಂಖ್ಯೆ 3,13,174ಕ್ಕೆ ಇಳಿಯಿತು. ಆ ಉಬ್ಬರದಲ್ಲಿ ಹುಟ್ಟಿದ ಮನೆಗಳು ಮಾತ್ರ ಅಂಗಳಗಳಲ್ಲಿ ನಿಂತು ಕೆಂಪಾಗತೊಡಗಿದ್ದುವು.

ಅವಸರದ ಫಲವನ್ನು ಆ ದೇಶ ಅದಕ್ಕೂ ಮೊದಲೇ ಒಮ್ಮೆ ಉಂಡಿತ್ತು. 2005ರ ಕತ್ರಿನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗಾಗಿ ಸರ್ಕಾರ ಲಕ್ಷಕ್ಕೂ ಮಿಕ್ಕು ಗಾಲಿಮನೆಗಳನ್ನು ತರಿಸಿತು; ಅವುಗಳ ಹಲಗೆಗಳಿಂದ ಫಾರ್ಮಾಲ್ಡಿಹೈಡ್ ಹಬೆ ಅಳತೆಮೀರಿ ಹೊರಡುತ್ತಿದೆಯೆಂದು 2008ರಲ್ಲಿ ಸರ್ಕಾರದ ಆರೋಗ್ಯ ಸಂಸ್ಥೆಯೇ ಪ್ರಕಟಿಸಬೇಕಾಯಿತು.

ಹಾಗಾದರೆ ಹಿಂದಿನದೆಲ್ಲ ಚಿನ್ನವಾಗಿತ್ತೆ? ಹಳಬರು ಹಾಗೆಂದೇ ಹೇಳುತ್ತಾರೆ. ನನಗೆ ಪೂರ್ತಿ ನಂಬಿಕೆಯಿಲ್ಲ. 1960ರ ಗಾಲಿಮನೆಗಳಲ್ಲಿ ಕೆಟ್ಟವೆಲ್ಲ ಎಂದೋ ಗುಜರಿ ಸೇರಿದುವು. ಉಳಿದ ಒಳ್ಳೆಯವನ್ನು ಕಂಡು ನಾವು ಆ ಕಾಲವನ್ನೇ ಹೊಗಳುತ್ತೇವೆ. ಕಾವ್ಯದ ವಿಷಯದಲ್ಲಿಯೂ ನಾವು ಮಾಡುವುದು ಇದನ್ನೇ. ಬೆಳ್ಳಿಯಂತೆ ಹೊಳೆಯುವ ಹಳೆಯ ಅಲ್ಯುಮಿನಿಯಂ ಗಾಲಿಮನೆಗಳಲ್ಲಿಯೂ ನೆಲದ ಹಲಗೆ ಕೊಳೆತು, ಕೆಳಗಿನ ಉಕ್ಕಿನ ಚೌಕಟ್ಟು ತುಕ್ಕಾದದ್ದುಂಟು.

ಆದರೂ ಒಂದು ವ್ಯತ್ಯಾಸವನ್ನು ಅಲ್ಲಗಳೆಯಲಾರೆ. ಏರ್‌ಸ್ಟ್ರೀಮ್ ಗಾಲಿಮನೆಗಳನ್ನು ನಿರ್ಮಿಸಿದ ವಾಲಿ ಬೈಯಮ್ ತಾನು ಮಾಡಿದ್ದರಲ್ಲಿ ತಾನೇ ವಾಸಿಸುತ್ತಿದ್ದ. 1951ರಿಂದ ಅವನು ಕೊಂಡವರನ್ನೆಲ್ಲ ಕೂಡಿಸಿಕೊಂಡು ಸಾರ್ಥವಾಹನಂತೆ ದೇಶಾಂತರ ಹೊರಡುತ್ತಿದ್ದ; 1959ರಲ್ಲಿ ಆಫ್ರಿಕದ ದಕ್ಷಿಣ ತುದಿಯ ಕೇಪ್‌ಟೌನಿನಿಂದ ಹೊರಟ ದಂಡು ಕೈರೋವರೆಗೆ ಹೋಯಿತು. ಅಂಥ ದಾರಿಯಲ್ಲಿ ಕೀಲು ಕಳಚಿದರೆ ಅದು ಮೊದಲು ಮಾಡಿದವನ ಕಣ್ಣೆದುರಿಗೇ ಕಳಚಬೇಕು. ಬೈಯಮ್ 1962ರಲ್ಲಿ ತೀರಿಕೊಂಡ. ಅವನ ಸಂಸ್ಥೆ ಕೈಯಿಂದ ಕೈಗೆ ಹೋಗಿ 1980ರಲ್ಲಿ ಥಾರ್ ಎಂಬ ಹೊಸ ಒಡೆತನಕ್ಕೆ ಬಂತು. ಫಾರೆಸ್ಟ್ ರಿವರ್ ಕಂಪನಿಯನ್ನು 2005ರಲ್ಲಿ ಬರ್ಕ್‌ಷೈರ್ ಹಾಥವೇ ಕೊಂಡಿತು. ಜೇಕೋ 2016ರಲ್ಲಿ ಥಾರ್‌ಗೆ ಸೇರಿತು. ಹೆಸರುಗಳು ಹತ್ತಾರು, ಒಡೆಯರು ಕೆಲವರೇ. ಇಷ್ಟು ದೊಡ್ಡ ಮನೆತನಗಳಲ್ಲಿ ಮೊಳೆಯನ್ನು ಆರಿಸುವವನೂ ತಿರುಪುವವನೂ ಮಾರುವವನೂ ಒಬ್ಬರ ಮುಖವನ್ನೊಬ್ಬರು ಕಾಣಬೇಕಾದ ಪ್ರಮೇಯವೇ ಬರುವುದಿಲ್ಲ.

ಕೊಂಡವನಿಗೆ ನ್ಯಾಯವೂ ಸುಲಭವಲ್ಲ. ಕಾರು ಪದೇ ಪದೇ ಕೆಟ್ಟರೆ ಹಿಂದಿರುಗಿಸಿಕೊಳ್ಳಬೇಕೆಂಬ ಕಾನೂನುಗಳು ಅಲ್ಲಿ ಇವೆ. ಹಲವು ರಾಜ್ಯಗಳಲ್ಲಿ ಅವು ಎಂಜಿನ್ ಇಲ್ಲದ ಗಾಲಿಮನೆಗೆ ಅನ್ವಯಿಸುವುದಿಲ್ಲ. ಹೀಗಾಗಿ ಹೊಸ ಮನೆಯನ್ನು ಒಪ್ಪಿಕೊಳ್ಳುವ ಮುನ್ನ ಹಣ ಕೊಟ್ಟು ಸ್ವತಂತ್ರ ಪರೀಕ್ಷಕನನ್ನು ಕರೆತರುವ ರೂಢಿ ಬೆಳೆದಿದೆ. ಅವನು ಛಾವಣಿ ಹತ್ತಿ, ಕೆಳಗೆ ತೆವಳಿ, ಪುಟಗಟ್ಟಲೆ ದೋಷಗಳನ್ನು ಬರೆದು ಕೊಡುತ್ತಾನೆ. ಕಾರ್ಖಾನೆಯಲ್ಲಿ ನಿಲ್ಲದ ಹೊತ್ತು ಹೀಗೆ ಬೇರೊಬ್ಬನ ಖರ್ಚಿನಲ್ಲಿ ಹಿಂದಿರುಗಿ ಬರುತ್ತದೆ.

ನಾನು ಅಲ್ಲಿದ್ದಾಗ ಎರಡು ಶನಿವಾರ ತಮ್ಮನೂ ನಾನೂ ತಿರುಪುಳಿ ಹಿಡಿದು ಒಂದು ಬದಿಯ ಅಂಚನ್ನು ಬಿಚ್ಚಿದೆವು. ಎಪ್ಪತ್ತೆರಡು ಮೊಳೆ. ಹನ್ನೊಂದರ ತಲೆ ಮುರಿದು ಕೈಗೆ ಬಂತು. ನಾಲ್ಕು ಕಡೆ ಮರ ಮೆತ್ತಗಾಗಿತ್ತು. ಹಳೆಯ ಅಂಟನ್ನು ಕೆರೆದು, ಹೊಸದನ್ನು ಹಚ್ಚಿ, ಸ್ಟೇನ್‌ಲೆಸ್ ಮೊಳೆಗಳನ್ನು ಕೂಡಿಸಿದೆವು. ಮೊಳೆಗಳಿಗೆ ತಗಲಿದ್ದು ಹತ್ತೊಂಬತ್ತು ಡಾಲರು. ಅದೇ ವಾರ ಬ್ಯಾಂಕಿನ ಹದಿನಾಲ್ಕನೆಯ ಕಂತು ಕಳೆಯಿತು. ಉಳಿದದ್ದು 166.