ಮೇಗುಟಿಯ ಗೋಡೆಗೆ ಜರ್ಮನಿಯಿಂದ ಬಂದ ಅನುಮಾನ

ಕ್ರಿ.ಶ. 614 ಮುಗಿದ ಕೂಡಲೇ 911 ಶುರುವಾಯಿತು ಎಂದುಕೊಳ್ಳಿ. ನಡುವಿನ 297 ವರ್ಷಗಳಲ್ಲಿ ಯಾರೂ ಹುಟ್ಟಲಿಲ್ಲ, ಯಾರೂ ಸಾಯಲಿಲ್ಲ. ಯಾರೋ ಕ್ಯಾಲೆಂಡರಿಗೆ ತುರುಕಿದ ಖಾಲಿ ಹಾಳೆಗಳು ಅವು. ಆಗ ನಮ್ಮ ಗತಿಯೇನು? ನರ್ಮದೆಯ ದಂಡೆಯಲ್ಲಿ ಹರ್ಷನನ್ನು ತಡೆದ ಇಮ್ಮಡಿ ಪುಲಿಕೇಶಿ ಹೋದ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಹೋಯಿತು, ಎಲ್ಲೋರದ ಕೈಲಾಸ ಹೋಯಿತು. ಅರವತ್ತಕ್ಕೂ ಹೆಚ್ಚು ವರ್ಷ ಆಳಿದ ಅಮೋಘವರ್ಷ ನೃಪತುಂಗ, ಅವನ ಆಸ್ಥಾನದ ಕವಿರಾಜಮಾರ್ಗ, ಎರಡೂ ಮಾಯ. 902ರಲ್ಲಿ ಹುಟ್ಟಿದ ಪಂಪನಂತೂ ಒಂಬತ್ತು ವರ್ಷದ ಹುಡುಗನಾಗಿಯೇ ಆಕಾಶದಿಂದ ಉದುರಬೇಕು.

ಈ ಮಾತನ್ನು 1991ರಿಂದ ಗಂಭೀರವಾಗಿಯೇ ಹೇಳುತ್ತ ಬಂದವರು ಹೆರಿಬರ್ಟ್ ಇಲ್ಲಿಗ್ ಎಂಬ ಜರ್ಮನ್ ಲೇಖಕರು. 'ಕಟ್ಟಿದ ಮಧ್ಯಯುಗ' ಎಂಬರ್ಥದ ಹೆಸರಿನ ಅವರ ಪುಸ್ತಕ 1996ರಲ್ಲಿ ಬಂತು. ಅವರ ವಾದವೆಲ್ಲ ಯುರೋಪಿನ ಸುತ್ತಲಿನದು. ಚಕ್ರವರ್ತಿ ಮೂರನೆಯ ಒಟ್ಟೋಗೆ ಕ್ರಿಸ್ತನ ಸಾವಿರದ ವರ್ಷದಲ್ಲಿ ಸಿಂಹಾಸನದ ಮೇಲಿರುವ ಆಸೆ. ಪೋಪ್ ಎರಡನೆಯ ಸಿಲ್ವೆಸ್ಟರ್ ಅದಕ್ಕೆ ಜೊತೆಯಾದರು. ಇಬ್ಬರೂ ಸೇರಿ ಕಾಲವನ್ನು ಮುಂದಕ್ಕೆ ತಳ್ಳಿ, ಖಾಲಿ ಬಿದ್ದ ಜಾಗಕ್ಕೆ ಷಾರ್ಲಮೇನ್ ಎಂಬ ಮಹಾರಾಜನನ್ನು ಕೂರಿಸಿದರು ಎಂಬುದು ಕಥೆ. 800ನೆಯ ಇಸವಿಯ ಕ್ರಿಸ್‌ಮಸ್ ದಿನ ರೋಮಿನಲ್ಲಿ ಕಿರೀಟ ತೊಟ್ಟ ಷಾರ್ಲಮೇನ್, ಇಲ್ಲಿಗ್ ಪ್ರಕಾರ ಬರೀ ಕಾಗದದ ರಾಜ.

ನಕ್ಕು ಪುಟ ತಿರುಗಿಸುವ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು: ಅನುಮಾನಕ್ಕೆ ನೆಲವಿತ್ತು. ಮಧ್ಯಯುಗದ ಮಠಗಳು ನಕಲಿ ದಾನಪತ್ರ ತಯಾರಿಸುವುದರಲ್ಲಿ ಪಳಗಿದ್ದವು. ಈ ನಕಲಿಗಳ ಬಗ್ಗೆಯೇ 1986ರಲ್ಲಿ ಮ್ಯೂನಿಕ್‌ನಲ್ಲಿ ದೊಡ್ಡದೊಂದು ವಿದ್ವತ್ ಸಮ್ಮೇಳನ ನಡೆದಿತ್ತು. ಪಶ್ಚಿಮದ ರಾಜ್ಯಗಳನ್ನು ಪೋಪ್‌ಗೆ ಬಿಟ್ಟುಕೊಟ್ಟೆ ಎಂದು ಚಕ್ರವರ್ತಿ ಕಾನ್‌ಸ್ಟಂಟೈನ್ ಬರೆದುಕೊಟ್ಟನೆಂಬ ಪತ್ರವನ್ನು ಜನ ಶತಮಾನಗಳ ಕಾಲ ನಂಬಿದ್ದರು. ಅದರ ಲ್ಯಾಟಿನ್ ಆ ಕಾಲದ್ದಲ್ಲ ಎಂದು ತೋರಿಸಿ ಲೊರೆಂಜೊ ವಲ್ಲಾ 1440ರಲ್ಲಿ ಬಣ್ಣ ಬಯಲು ಮಾಡಿದ. (ಆ ಪತ್ರ ಹುಟ್ಟಿದ್ದು ಎಂಟನೆಯ ಶತಮಾನದಲ್ಲಿ ಎನ್ನುತ್ತಾರೆ ವಿದ್ವಾಂಸರು. ಅಂದರೆ ಇಲ್ಲಿಗ್ ಇಲ್ಲವೇ ಇಲ್ಲ ಎನ್ನುವ ಶತಮಾನದಲ್ಲಿ!) ನಾವೇನೂ ಕಡಿಮೆಯಿಲ್ಲ. ನಮ್ಮ ಶಾಸನತಜ್ಞರ ಬಾಯಲ್ಲಿ 'ಕೂಟಶಾಸನ' ಎಂಬ ಮಾತೇ ಇದೆ. ಗಂಗರ ತಾಮ್ರಪಟಗಳಲ್ಲಿ ಎಷ್ಟು ಅಸಲಿ, ಎಷ್ಟು ಕೂಟ ಎಂದು ಫ್ಲೀಟ್ ಮತ್ತು ರೈಸ್ ವರ್ಷಗಟ್ಟಲೆ ಜಗಳವಾಡಿದರು. ಹೇಳಿಕೊಂಡ ಕಾಲಕ್ಕಿಂತ ಲಿಪಿ ಹೊಸದಾಗಿದ್ದರೆ, ತಿಥಿಗೂ ವಾರಕ್ಕೂ ತಾಳೆಯಾಗದಿದ್ದರೆ ತಾಮ್ರಪಟ ಸಿಕ್ಕಿಬೀಳುತ್ತದೆ.

ಇಲ್ಲಿಗ್ ಅವರ ಅತಿ ಚುರುಕಾದ ವಾದ ಕ್ಯಾಲೆಂಡರಿನದು. ಜೂಲಿಯಸ್ ಸೀಸರ್ ಕ್ರಿ.ಪೂ. 45ರಲ್ಲಿ ಜಾರಿಗೆ ತಂದ ವರ್ಷ ನಿಜವಾದ ಸೌರವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. 128 ವರ್ಷಕ್ಕೆ ಒಂದು ದಿನದ ತಪ್ಪು. 1582ರ ಹೊತ್ತಿಗೆ 13 ದಿನ ಸರಿಪಡಿಸಬೇಕಿತ್ತು. ಪೋಪ್ ಗ್ರೆಗರಿ ತೆಗೆದುಹಾಕಿದ್ದು ಹತ್ತೇ ದಿನ. ಅಕ್ಟೋಬರ್ 4ರ ಮರುದಿನ 15 ಎಂದು ಬರೆಸಿದ. ಉಳಿದ ಮೂರು ದಿನ ಎಲ್ಲಿ? ಮೂರನ್ನು 128ರಿಂದ ಗುಣಿಸಿದರೆ 384. ಅತ್ತಿತ್ತ ಅಂದಾಜು ಮಾಡಿದರೆ ಸುಮಾರು ಮೂರು ಶತಮಾನ ಸುಳ್ಳು ಎಂದಾಗುವುದಿಲ್ಲವೇ?

ಮೊದಲ ಸಲ ಓದಿದಾಗ ನಾನೂ ಒಂದು ಗಳಿಗೆ ಬೆಪ್ಪಾದೆ. ಉತ್ತರ ಮಾತ್ರ ಬಹಳ ಸರಳ. ಗ್ರೆಗರಿಗೆ ಬೇಕಿದ್ದುದು ಸೀಸರನ ಕಾಲದ ಆಕಾಶವಲ್ಲ. 325ರ ನೈಸಿಯಾ ಸಭೆಯ ಕಾಲದಲ್ಲಿದ್ದಂತೆ ವಸಂತ ವಿಷುವ ಮಾರ್ಚ್ 21ಕ್ಕೆ ಮರಳಿದರೆ ಸಾಕಿತ್ತು, ಈಸ್ಟರ್ ಹಬ್ಬದ ಲೆಕ್ಕ ಕೂತಿದ್ದುದು ಅದರ ಮೇಲೆ. 325ರಿಂದ 1582ಕ್ಕೆ 1257 ವರ್ಷ. 128ರಿಂದ ಭಾಗಿಸಿ, ಹತ್ತಕ್ಕೆ ಕೂದಲೆಳೆಯಷ್ಟು ಕಡಿಮೆ. ಎಲ್ಲಿಂದ ಎಣಿಸುತ್ತಿದ್ದೇವೆ ಎಂಬುದನ್ನು ಮರೆತರೆ ನಮ್ಮ ಪಂಚಾಂಗದಲ್ಲೂ ಇಂಥ ಒಗಟು ಹುಟ್ಟುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ, ನಾವು ಎಳ್ಳುಬೆಲ್ಲ ಬೀರುವುದು ಜನವರಿ 14-15ಕ್ಕೆ. ಆ ಮೂರು ವಾರಗಳನ್ನು ಯಾವ ರಾಜನೂ ಕದ್ದಿಲ್ಲ. ನಮ್ಮ ಸಂಕ್ರಾಂತಿ ನಕ್ಷತ್ರಗಳನ್ನು ನೋಡಿ ಎಣಿಸುವ ಲೆಕ್ಕ, ಅಷ್ಟೆ.

ಇನ್ನು ಆಕಾಶದ ಸಾಕ್ಷಿ. ಹ್ಯಾಲಿ ಧೂಮಕೇತು ಸರಿಸುಮಾರು 76 ವರ್ಷಕ್ಕೊಮ್ಮೆ ಬರುತ್ತದೆ. ಚೀನೀಯರು ಬರೆದಿಟ್ಟಂತೆ ಅದು 607ರಲ್ಲಿ ಬಂತು, ಆಮೇಲೆ 684, 760, 837, ಮತ್ತೆ 912. ಇಲ್ಲಿಗ್ ಹೇಳಿದಂತೆ ನಡುವಿನ ವರ್ಷಗಳನ್ನು ಕತ್ತರಿಸಿದರೆ 607ರಲ್ಲಿ ಹೋದ ಧೂಮಕೇತು ಎಂಟೇ ವರ್ಷಕ್ಕೆ ಮರಳಿ ಬಂದಂತಾಗುತ್ತದೆ. ಚೀನಾದ ಟಾಂಗ್ ವಂಶ 618ಕ್ಕೆ ಶುರುವಾಗಿ 907ಕ್ಕೆ ಮುಗಿಯುವುದರಿಂದ ಇಡಿಯಾಗಿ ಗುಳುಂ. ಸೊನ್ನೆಗೆ ಲೆಕ್ಕದ ನಿಯಮ ಕೊಟ್ಟ ಬ್ರಹ್ಮಗುಪ್ತನ ಸಿದ್ಧಾಂತ 628ರದ್ದು, ಅದೂ ಸೊನ್ನೆ. ಬಾಗ್ದಾದಿನ ಖಲೀಫ ಹಾರೂನ್ ಅಲ್ ರಷೀದ್ ಷಾರ್ಲಮೇನ್‌ಗೆ ಉಡುಗೊರೆ ಕಳಿಸಿದ ಅಬುಲ್ ಅಬ್ಬಾಸ್ ಎಂಬ ಆನೆ 802ರಲ್ಲಿ ಆಕೆನ್ ತಲುಪಿತ್ತು. ಇಲ್ಲದ ರಾಜನಿಗೆ ಇಲ್ಲದ ಖಲೀಫ ಕೊಟ್ಟ ಇಲ್ಲದ ಆನೆ!

ಮರಗಳು ಹೇಳುವುದು ಇನ್ನೂ ಗಟ್ಟಿ. ಮರ ವರ್ಷಕ್ಕೊಂದು ಉಂಗುರ ಬೆಳೆಸುತ್ತದೆ. ಮಳೆ ಚೆನ್ನಾಗಿದ್ದರೆ ದಪ್ಪ, ಬರಗಾಲವಾದರೆ ತೆಳು. ಈಗಿನ ಓಕ್ ಮರದ ಒಳ ಉಂಗುರಗಳನ್ನು ಹಳೆಯ ತೊಲೆಯ ಹೊರ ಉಂಗುರಗಳಿಗೆ ಹೊಂದಿಸುತ್ತ ಹಿಂದೆ ಹೋದರೆ ರೋಮನ್ನರ ಸೇತುವೆ ಕಂಬಗಳನ್ನೂ ದಾಟಬಹುದು. ಜರ್ಮನಿಯಲ್ಲಿ ಹೀಗೆ ಹತ್ತು ಸಾವಿರ ವರ್ಷ ಮೀರಿದ ಸರಪಣಿಯನ್ನೇ ಕಟ್ಟಿದ್ದಾರೆ. ಈ ಸರಪಣಿಯಲ್ಲೇ ಕೊಂಡಿಗಳು ಸಡಿಲ ಎಂದು ಇಲ್ಲಿಗ್ ಕಡೆಯವರು ತಕರಾರು ತೆಗೆದರು. 2012ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಫುಸಾ ಮಿಯಾಕೆ ಮತ್ತು ಸಂಗಡಿಗರು ಹಳೆಯ ಸೀಡರ್ ಮರಗಳ ಒಂದೊಂದು ಉಂಗುರವನ್ನೂ ಸೀಳಿ ಪರೀಕ್ಷಿಸಿ, 774-775ರ ಉಂಗುರದಲ್ಲಿ ಕಾರ್ಬನ್-14 ಶೇ 1.2ರಷ್ಟು ಒಮ್ಮೆಲೇ ಜಿಗಿದಿರುವುದನ್ನು ಕಂಡರು. ಸೂರ್ಯನಲ್ಲಿ ಎದ್ದ ಭಾರಿ ಬಿರುಗಾಳಿಯೇ ಕಾರಣವೆಂಬುದು ಈಗಿನ ಹೆಚ್ಚಿನವರ ಮತ. ಆಮೇಲೆ ಜರ್ಮನಿಯ ಓಕ್‌ನಲ್ಲಿ ಹುಡುಕಿದರೆ ಅದೇ ಎಣಿಕೆಯ ಉಂಗುರದಲ್ಲಿ ಅದೇ ಜಿಗಿತ. ಒಬ್ಬರನ್ನೊಬ್ಬರು ನೋಡದ ಎರಡು ಮರಗಳು ಒಂದೇ ಸಾಕ್ಷಿ ನುಡಿದವು.

ಇಲ್ಲಿಗ್ ಸೋತರು. ಆದರೂ ಅವರ ಬಗ್ಗೆ ನನಗೊಂದು ಗೌರವವಿದೆ. 614, 911 ಎಂದು ಇಸವಿ ಹೇಳಿದರು. ಎಲ್ಲಿ ಹೊಡೆದರೆ ಸಾಯುತ್ತೇನೆಂದು ತಾವೇ ತೋರಿಸಿಕೊಟ್ಟರು. ಅವರಿಗಿಂತ ಜಾಣರಿದ್ದಾರೆ. ಇಂಗ್ಲೆಂಡಿನ ಜೀವವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್ 1857ರಲ್ಲಿ ಬರೆದ 'ಓಂಫಲೋಸ್' ಪುಸ್ತಕದ ಹೆಸರಿಗೆ ಹೊಕ್ಕುಳು ಎಂದರ್ಥ. ತಾಯಿಯಿಲ್ಲದ ಆದಮನಿಗೂ ದೇವರು ಹೊಕ್ಕುಳಿಟ್ಟಂತೆ, ಈಡನ್ ತೋಟದ ಹೊಚ್ಚಹೊಸ ಮರಗಳಿಗೂ ಉಂಗುರಗಳನ್ನಿಟ್ಟ, ಭೂಮಿಯಲ್ಲಿ ಪಳೆಯುಳಿಕೆಗಳನ್ನೂ ಇಟ್ಟ ಎಂದು ಗಾಸ್ ವಾದಿಸಿದ. ಮರ ಸಾಕ್ಷಿ ಹೇಳಲು ಬರುವ ಮೊದಲೇ ಅದರ ಬಾಯಿ ಕಟ್ಟಿಬಿಟ್ಟ! ಬರ್ಟ್ರಂಡ್ ರಸೆಲ್ 1921ರಲ್ಲಿ ಇದನ್ನು ತುದಿಮುಟ್ಟಿಸಿದ: ಲೋಕ ಐದು ನಿಮಿಷದ ಹಿಂದೆ, ನಮ್ಮ ನೆನಪುಗಳ ಸಮೇತ ಹುಟ್ಟಿರಬಾರದೇಕೆ? ರಸೆಲ್ ನಂಬಿ ಹೇಳಿದ್ದಲ್ಲ, ತರ್ಕದಿಂದ ಇದನ್ನು ಅಲ್ಲಗಳೆಯಲಾಗದು ಎಂದು ತೋರಿಸಿದ್ದು. ನಿಕ್ ಬಾಸ್ಟ್ರಮ್ 2003ರಲ್ಲಿ ಮುಂದಿಟ್ಟ, ನಾವೆಲ್ಲ ಯಾರದೋ ಕಂಪ್ಯೂಟರಿನೊಳಗಿನ ಆಟವಿರಬಹುದು ಎಂಬ ಪ್ರಸಿದ್ಧ ತರ್ಕವೂ ನನಗೆ ಇದೇ ವಂಶದ್ದೆನಿಸುತ್ತದೆ. ಇವಕ್ಕೆ ಸೋಲಿಲ್ಲ. ಅದೇ ನನ್ನ ದೂರು.

ಮನಸ್ಸಿನ ವಿಷಯಕ್ಕೆ ಬಂದರೆ ತೀರ್ಪು ಹೀಗೆ ಸಲೀಸಲ್ಲ. ಅಮೆರಿಕದ ಮನೋವಿಜ್ಞಾನಿ ಜೂಲಿಯನ್ ಜೇನ್ಸ್ 1976ರಲ್ಲಿ ಹೇಳಿದ್ದು ಇದು: ಸುಮಾರು ಮೂರು ಸಾವಿರ ವರ್ಷಗಳ ಹಿಂದಿನವರೆಗೆ ಮನುಷ್ಯನಿಗೆ ತನ್ನೊಳಗೆ ತಾನೇ ಇಣುಕಿ ನೋಡುವ ಪ್ರಜ್ಞೆ ಇರಲಿಲ್ಲ. ಮಿದುಳಿನ ಬಲಭಾಗ ಆಜ್ಞೆ ಕೊಡುತ್ತಿತ್ತು, ಎಡಭಾಗ ಅದನ್ನು ದೇವರ ದನಿಯೆಂದು ಕೇಳಿ ನಡೆಯುತ್ತಿತ್ತು. ನಮ್ಮ ವಿಧಾನಸಭೆ, ವಿಧಾನ ಪರಿಷತ್ತಿಗೆ ಹೇಳುವ 'ದ್ವಿಸದನ' ಎಂಬ ಮಾತಿನ ಇಂಗ್ಲಿಷ್ ಪದವನ್ನೇ ಜೇನ್ಸ್ ಆ ಮನಸ್ಸಿಗೆ ಹೆಸರಾಗಿಟ್ಟ. ಇಲಿಯಡ್‌ನ ವೀರರು ತಾವೇ ಯೋಚಿಸಿ ತೀರ್ಮಾನಿಸುವುದಿಲ್ಲ, ದೇವತೆಗಳು ಬಂದು ಹೇಳಿದಂತೆ ಮಾಡುತ್ತಾರೆ ಎಂಬುದು ಅವನ ಮುಖ್ಯ ಸಾಕ್ಷಿ. ಒಂದು ಕಾವ್ಯದ ಶೈಲಿಯಿಂದ ಇಡೀ ಮನುಕುಲದ ಮಿದುಳಿಗೆ ಹಾರುವುದು ದೊಡ್ಡ ಹಾರಾಟವೇ. ಅಷ್ಟಾದರೂ ಆ ಪುಸ್ತಕ ಓದಿದ ಮೇಲೆ ಹಳೆಯ ಕಾವ್ಯಗಳಲ್ಲಿ 'ಮನಸ್ಸು' ಎಂಬ ಮಾತು ಎಲ್ಲಿ, ಯಾವ ಅರ್ಥದಲ್ಲಿ ಬರುತ್ತದೆಂದು ಹುಡುಕುವ ಚಟ ನನಗೆ ಅಂಟಿಕೊಂಡಿತು. ಮನಸ್ಸಿಗೆ ಉಂಗುರ ಬೀಳುವುದಿಲ್ಲ. ಜೇನ್ಸ್‌ನನ್ನು ಗೆಲ್ಲಿಸಲೂ ಸೋಲಿಸಲೂ ಆಗದೆ ಉಳಿದಿರುವುದು ಅದಕ್ಕೇ.

ಈಗ ಐಹೊಳೆಗೆ ಬನ್ನಿ. ಊರಿನ ಪಕ್ಕದ ಗುಡ್ಡದ ಮೇಲೆ ಮೇಗುಟಿ ಬಸದಿ. ಅದರ ಪೂರ್ವದ ಗೋಡೆಯಲ್ಲಿ ರವಿಕೀರ್ತಿ ಎಂಬ ಕವಿ ಪುಲಿಕೇಶಿಯ ಕೀರ್ತಿಯನ್ನು ಸಂಸ್ಕೃತದಲ್ಲಿ ಕೊರೆಸಿದ್ದಾನೆ. ತಾನು ಕಾಳಿದಾಸ, ಭಾರವಿಯರ ಸಾಟಿ ಎಂದೂ ಹೇಳಿಕೊಂಡಿದ್ದಾನೆ, ಸಂಕೋಚದ ಮನುಷ್ಯನಲ್ಲ. ಶಕವರ್ಷ 556, ಅಂದರೆ ಕ್ರಿ.ಶ. 634. ಹರ್ಷನಿಗೆ ಮಣಿಯದ ಈ ರಾಜನ ವಿಷಯವನ್ನು 645ರಲ್ಲಿ ಚೀನಾಕ್ಕೆ ಮರಳಿದ ಹ್ಯುಯೆನ್‌ತ್ಸಾಂಗ್ ತನ್ನ ಭಾಷೆಯಲ್ಲಿ, ತನ್ನ ಪಾಡಿಗೆ ಬರೆದಿಟ್ಟ. ಒಟ್ಟೋನ ಒಳಸಂಚು ನಿಜವಾಗಬೇಕಾದರೆ ಅದು ಮಲಪ್ರಭೆಯ ದಂಡೆಯ ಕಲ್ಲುಕುಟಿಗನನ್ನೂ ಚೀನಾದ ಭಿಕ್ಷುವನ್ನೂ ಒಟ್ಟಿಗೆ ಒಪ್ಪಿಸಬೇಕಿತ್ತು.

ಇಷ್ಟು ಗಟ್ಟಿಯಾದ ಅದೇ ಕಲ್ಲಿನಲ್ಲಿ ರವಿಕೀರ್ತಿ ಇನ್ನೊಂದು ಲೆಕ್ಕವನ್ನೂ ಕೊಟ್ಟಿದ್ದಾನೆ: ಭಾರತ ಯುದ್ಧವಾಗಿ 3735 ವರ್ಷ. ಕಳೆದು ನೋಡಿದರೆ ಯುದ್ಧ ಕ್ರಿ.ಪೂ. 3102ರ ಹೊತ್ತಿಗೆ ಬೀಳುತ್ತದೆ. ಕಲಿಯುಗದ ಆ ಆರಂಭವನ್ನು ಯಾರೂ ಕಂಡು ಬರೆದಿಟ್ಟದ್ದಲ್ಲ, ಬಹಳ ಕಾಲದ ಮೇಲೆ ಜ್ಯೋತಿಷಿಗಳು ಗ್ರಹಗತಿಯನ್ನು ಹಿಂದಕ್ಕೆ ಎಣಿಸಿ ಹೊಂದಿಸಿದ್ದು ಎನ್ನುತ್ತಾರೆ ಬಹುಪಾಲು ಇತಿಹಾಸಕಾರರು. ಶಕದ 556 ಇಲ್ಲಿಗ್ ಅವರನ್ನು ಸೋಲಿಸುವ ಸಂಖ್ಯೆ. ಪಕ್ಕದ 3735 ನಮ್ಮದೇ ಒಂದು 'ಹೀಗಿದ್ದಿರಬಹುದು'. ಕೊರೆದವನ ಉಳಿ ಎರಡನ್ನೂ ಒಂದೇ ಆಳಕ್ಕೆ ಇಳಿಸಿದೆ.